ಪಾಠ ಹೆಣೆಯುವವರಿಗೆ ಸ್ಫೂರ್ತಿ ಎಲ್ಲಿದೆ?

ವಿಷಯ ಬಲ್ಲವರೆಲ್ಲ ಚೆನ್ನಾಗಿ ಕಲಿಸಬಲ್ಲರೆಂದು ಹೇಳಲಾಗದು. ತಜ್ಞರ ಅರಿವನ್ನು ಕಲಿಯುವವರಿಗೆ ದಕ್ಕುವ ಪಾಠವಾಗಿ ರೂಪಿಸುವವರೇ ಇನ್‌ಸ್ಟ್ರಕ್ಷನಲ್ ಡಿಸೈನರ್‌ಗಳು. ಈ ವೃತ್ತಿಗೆ ಬರುವ ಹೊಸಬರಲ್ಲಿ ಹಲವರು ಮೊದಲು ಸಾಫ್ಟ್‌ವೇರ್ ಕಲಿಯಲು ಧಾವಿಸುತ್ತಾರೆ, ಎಡವುವುದೂ ಅಲ್ಲಿಯೇ. ಪರದೆಯ ಮೇಲೆ ಚಿತ್ರಗಳು ಚಲಿಸಿದ ಮಾತ್ರಕ್ಕೆ ಕಲಿಕೆ ನಡೆಯದು. ಕಾರ್ಖಾನೆಯ ಕಾರ್ಮಿಕನಿಗೆ ಸುರಕ್ಷತೆಯ ಪಾಠ ಅರ್ಥವಾಗದಿದ್ದರೆ ಅದರ ಬೆಲೆ ಜೀವವೇ ಆಗಬಹುದು.

ಈ ವಿದ್ಯೆಗೆ ಗಟ್ಟಿ ಬುನಾದಿಯಿದೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳನ್ನು 6 ಹಂತಗಳಲ್ಲಿ ವಿಂಗಡಿಸಿದರು. ರಾಬರ್ಟ್ ಗಾನ್ಯೆ ಬೋಧನೆಯ 9 ಘಟ್ಟಗಳನ್ನು ಗುರುತಿಸಿದರು. ಚಿತ್ರಕ್ಕೆ ಧ್ವನಿವಿವರಣೆ ಇರುವಾಗ ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕಲಿಕೆಗೆ ತೊಡಕೆಂದು ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದರು.

ಮಾದರಿಗಳಿಗಾಗಿ ಹಣ ತೆರಬೇಕಿಲ್ಲ. ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಪಾಠಗಳನ್ನು ಉಚಿತವಾಗಿ ನೋಡಬಹುದು. ಪ್ರಶ್ನೆ ಎಲ್ಲಿ ಬಂತು, ಅಭ್ಯಾಸ ಯಾವಾಗ ಕೊಟ್ಟರು ಎಂದು ಗಮನಿಸುತ್ತ ನೋಡಬೇಕು.

ಇನ್ನೊಂದು ಮಾದರಿ ಮನೆಯಂಗಳದಲ್ಲೇ ಇದೆ. ಪುರಂದರದಾಸರು ರೂಪಿಸಿದರೆಂದು ಪರಂಪರೆ ನಂಬಿರುವ ಸರಳೆ, ಜಂಟಿ ವರಸೆಗಳು ಸುಲಭದಿಂದ ಕಠಿಣದೆಡೆಗೆ ಮೆಟ್ಟಿಲು ಮೆಟ್ಟಿಲಾಗಿ ಒಯ್ಯುತ್ತವೆ. ಕಲಿಯುವವರು ಸದ್ಯ ಯಾವ ಮೆಟ್ಟಿಲಲ್ಲಿದ್ದಾರೆಂದು ಅರಿಯುವುದೇ ಹೊಸಬರ ಮೊದಲ ಪಾಠ.