‘ಐ7 ಐತ್ರಿ, ಬರೇ ಹದಿನೈದು ಸಾವಿರ!’: ಮೊದಲ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಪಿಯುಸಿ ಫಲಿತಾಂಶ ಬಂದು ಡಿಗ್ರಿ ಅಡ್ಮಿಷನ್ ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಊರು ಹಾನಗಲ್ ತಾಲ್ಲೂಕಿನದು, ಕೆಲಸ ಹುಬ್ಬಳ್ಳಿಯಲ್ಲಿ, ಅದೂ ಕಂಪ್ಯೂಟರ್ ಮುಂದೆ. ನೆಂಟರಿಗೆ ಇಷ್ಟು ಸಾಕು. ಶಿಗ್ಗಾವಿಯ ಬೀಗರು, ಸವಣೂರಿನ ಅಕ್ಕ, ಹಿರೇಕೆರೂರಿನ ಸೋದರಮಾವ, ಎಲ್ಲರದೂ ಒಂದೇ ಪ್ರಶ್ನೆ: ‘ತಮ್ಮಾ, ಹುಡುಗಿಗೆ ಲ್ಯಾಪ್‌ಟಾಪ್ ಬೇಕಂತ. ಯಾವ ಕಂಪನೀದು ತಗೊಳ್ಳೂಣು?’

ಕಂಪನಿ ಯಾವುದು ಅನ್ನೋದು ಕೊನೆಯ ಪ್ರಶ್ನೆ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದವು ಬೇರೆ ಇವೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಗೆ ನಾನೇ ನಿಂತು ಲ್ಯಾಪ್‌ಟಾಪ್ ಕೊಡಿಸಿದ್ದೆ. ಗೋವಿನಜೋಳ ಮಾರಿದ ದುಡ್ಡಿನಲ್ಲಿ ಅಪ್ಪ 21 ಸಾವಿರ ಎಣಿಸಿ ಕೊಟ್ಟಿದ್ದರು. ‘ಓದೋ ಮಕ್ಕಳಿಗೆ ಇದು ಸಾಕ್ರಿ’ ಎಂದರು ಅಂಗಡಿಯವರು. ಹೊಸದು, ತೆಳ್ಳಗಿದೆ, ಹೊಳೆಯುತ್ತಿದೆ. ನಾನು ಒಳಗೇನಿದೆ ಎಂದು ಕೇಳಲಿಲ್ಲ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಆರು ತಿಂಗಳಲ್ಲಿ ವಿಂಡೋಸ್ ಅಪ್‌ಡೇಟ್‌ಗಳೇ ಜಾಗವನ್ನೆಲ್ಲ ನುಂಗಿದವು. ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ತಿರುಗುತ್ತಲೇ ಇರುತ್ತಿತ್ತು. ತಂಗಿ ಕೊನೆಯ ಎರಡು ವರ್ಷದ ಅಸೈನ್‌ಮೆಂಟ್‌ಗಳನ್ನು ಮೊಬೈಲ್‌ನಲ್ಲೇ ಟೈಪ್ ಮಾಡಿದಳು. ಅಪ್ಪ ಇವತ್ತಿಗೂ ಒಂದು ಮಾತು ಅಂದಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ.

ಮೊದಲು ಕೆಲಸ ಯಾವುದು ಹೇಳಿ

ಬಿಎ ಓದುವವರಿಗೆ ಟೈಪಿಂಗ್, ಪಿಪಿಟಿ, ಆನ್‌ಲೈನ್ ಪಾಠ ಇಷ್ಟೇ ಕೆಲಸ. ಬಿಕಾಂನವರಿಗೆ ಇದರ ಜೊತೆ ಎಕ್ಸೆಲ್, ಟ್ಯಾಲಿ. ಟ್ಯಾಲಿ ಕಲಿಯಲು ಉಚಿತ ಎಜುಕೇಷನ್ ಮೋಡ್ ಇದೆ, ಆದರೆ ಅದಕ್ಕೆ ವಿಂಡೋಸ್ ಬೇಕು. ಹಾಗಾಗಿ ಅಗ್ಗಕ್ಕೆ ಸಿಗುತ್ತದೆಂದು ಕ್ರೋಮ್‌ಬುಕ್ ತಂದರೆ ಬಿಕಾಂ ಹುಡುಗನಿಗೆ ಉಪಯೋಗವಿಲ್ಲ. ಬಿಸಿಎ, ಎಂಜಿನಿಯರಿಂಗ್ ಮಕ್ಕಳದು ಭಾರದ ಕೆಲಸ. ಆಂಡ್ರಾಯ್ಡ್ ಸ್ಟುಡಿಯೋದಂಥ ಸಾಫ್ಟ್‌ವೇರ್ 8 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ಇವರಿಗೆ 16 ಜಿಬಿ ಇದ್ದರೆ ಒಳ್ಳೆಯದು, ಇಲ್ಲವೇ ಮುಂದೆ ಏರಿಸುವ ಅವಕಾಶವಾದರೂ ಇರಬೇಕು.

ನೋಡಬೇಕಾದ ಮೂರು ಸಂಗತಿ

ಒಂದು, ರ‍್ಯಾಮ್. 8 ಜಿಬಿಗಿಂತ ಕಡಿಮೆ ಬೇಡ. ‘ಇನ್ನೊಂದು ಸ್ಲಾಟ್ ಖಾಲಿ ಐತೇನ್ರಿ?’ ಎಂದು ಕೇಳಿ. ಕೆಲವು ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇನ್ನೊಂದು ಸ್ಲಾಟೂ ಇಲ್ಲದಿದ್ದರೆ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಎರಡು, ಸ್ಟೋರೇಜ್. ಎಸ್‌ಎಸ್‌ಡಿ ಇರಬೇಕು, ಕನಿಷ್ಠ 256 ಜಿಬಿ. ತಿರುಗುವ ಹಳೇ ಹಾರ್ಡ್ ಡಿಸ್ಕ್ ನಿಧಾನ. ‘ಇಎಂಎಂಸಿ’ ಎಂದು ಬರೆದಿದ್ದರೆ ಅಗ್ಗದ ಮೊಬೈಲಿನಲ್ಲಿರುವಂಥ ಚಿಪ್ಪು ಎಂದರ್ಥ. ನನ್ನ ತಂಗಿಯದು ಇದೇ.

ಮೂರು, ಪ್ರೊಸೆಸರ್. ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಐ3ಗಿಂತ ಐ5, ಐ5ಗಿಂತ ಐ7 ಮೇಲು ಎಂದು ನಂಬಿದ್ದೇವೆ. ಅದು ಒಂದೇ ಕಾಲದವನ್ನು ಹೋಲಿಸಿದಾಗ ಮಾತ್ರ ನಿಜ. ಹೆಸರಿನ ಪಕ್ಕದ ಅಂಕಿ ನೋಡಿ. ಐ3-1215ಯು ಎಂದರೆ ಹನ್ನೆರಡನೇ ತಲೆಮಾರಿನದು. ಐ7-4600ಯು ಎಂದರೆ ನಾಲ್ಕನೆಯದು, 2013ರ ಕಾಲದ್ದು. ಮುಪ್ಪಾದ ಐ7ಗಿಂತ ಹೊಸ ಐ3 ಎಷ್ಟೋ ವಾಸಿ. ಕಳೆದ ಸಲ ಸೋದರಮಾವ ‘ಐ7 ಐತ್ರಿ, ಬರೇ ಹದಿನೈದು ಸಾವಿರ!’ ಎಂದು ಯಾರೋ ಹೇಳಿದ್ದನ್ನು ನಂಬಿ ಮುಂಗಡ ಕೊಡಲು ಹೊರಟಿದ್ದ. ಫೋಟೊ ತರಿಸಿ ನೋಡಿದರೆ ಅದು ಇದೇ ನಾಲ್ಕನೇ ತಲೆಮಾರು.

ಸೆಕೆಂಡ್ ಹ್ಯಾಂಡ್ ತಪ್ಪಲ್ಲ

ಹಾಗಂತ ಹಳೆಯದು ಬೇಡವೇ ಬೇಡ ಎನ್ನುತ್ತಿಲ್ಲ. ದೊಡ್ಡ ಕಂಪನಿಗಳು ಮೂರ‍್ನಾಲ್ಕು ವರ್ಷ ಬಳಸಿ ಮಾರುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮಾದರಿಗಳು ಗಟ್ಟಿ. ಬಿಚ್ಚಿ ರಿಪೇರಿ ಮಾಡುವುದೂ ಸುಲಭ. 20 ಸಾವಿರದ ಒಳಗೆ ಸಿಗುವ ಹೊಸ ಆಟಿಕೆಗಿಂತ ಇವೇ ಮೇಲು.

ಆದರೆ ಒಂದು ಗೆರೆ ದಾಟಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನದು ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಅದಕ್ಕಿಂತ ಹಳೆಯದನ್ನು ಕಂಪನಿಗಳು ಹೊರಹಾಕುತ್ತಿವೆ, ಅದೇ ಅಗ್ಗವಾಗಿ ನಮ್ಮೂರ ಕಡೆ ಬರುತ್ತದೆ.

ಅಂಗಡಿಯಲ್ಲೇ ಕೂತು ಪರೀಕ್ಷಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲವೂ ಕಾಣುತ್ತವೆ. ಬ್ಯಾಟರಿ ರಿಪೋರ್ಟ್ ತೆಗೆಸಿ. ತಯಾರಾದಾಗ ಬ್ಯಾಟರಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿ ಅದರಲ್ಲಿರುತ್ತವೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ. ಬಿಲ್ ಮತ್ತು ಗ್ಯಾರಂಟಿ ಬರಹದಲ್ಲಿ ಇರಲಿ.

ನಮ್ಮೂರಿನ ಲೆಕ್ಕ

ಯೂಟ್ಯೂಬ್‌ನವರು ಹೇಳದ ಪ್ರಶ್ನೆ ಒಂದಿದೆ: ಕೆಟ್ಟರೆ ಎಲ್ಲಿಗೆ ಒಯ್ಯೋದು? ಹೆದ್ದಾರಿ ಮೇಲಿರುವ ಶಿಗ್ಗಾವಿಯವರಿಗೆ ಹುಬ್ಬಳ್ಳಿ ಬಸ್ ಸಲೀಸು. ಹಿರೇಕೆರೂರಿನ ಹಳ್ಳಿಯವರಿಗೆ ಒಂದು ದಿನದ ಕೂಲಿಯೇ ಹೋಯಿತು. ಆನ್‌ಲೈನ್‌ನಲ್ಲಿ ಎರಡು ಸಾವಿರ ಕಡಿಮೆ ಸಿಕ್ಕರೂ ಸರ್ವಿಸ್ ಸೆಂಟರ್ ಎಲ್ಲಿದೆ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಇದೆಯೇ ಎಂದು ಮೊದಲು ನೋಡಿ.

ಕರೆಂಟಿನದೂ ಹಾಗೆ. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಲ್ಯಾಪ್‌ಟಾಪ್ ತರುವ ಮೊದಲು ಒಂದು ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥಿಂಗ್ ಮಾಡಿಸಿ.

ಜೂನ್‌ನಲ್ಲಿ ಕೊಳ್ಳಬೇಡಿ

ನಾನು ಈಗ ಎಲ್ಲರಿಗೂ ಹೇಳುವ ಮುಖ್ಯ ಮಾತು ಇದು. ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಬಿತ್ತನೆ. ಕೈಯಲ್ಲಿದ್ದುದೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಆಗ ಲ್ಯಾಪ್‌ಟಾಪ್ ಅಂದರೆ ಸಂಘದ ಸಾಲ, ಇಲ್ಲವೇ ಇಎಂಐ. ‘ನೋ ಕಾಸ್ಟ್ ಇಎಂಐ’ ಎಂಬುದನ್ನು ಪೂರ್ತಿ ನಂಬಬೇಡಿ. ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಮುಚ್ಚಿಡುವ ಶೂನ್ಯ ಬಡ್ಡಿ ಯೋಜನೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಕಿವಿ ಹಿಂಡಿತ್ತು. ‘ನಗದು ಕೊಟ್ರ ಎಷ್ಟಕ್ಕ ಕೊಡ್ತೀರಿ?’ ಎಂದು ಕೇಳಿ. ಕಂತುಗಳ ಮೊತ್ತಕ್ಕೆ ಪ್ರೊಸೆಸಿಂಗ್ ಶುಲ್ಕ ಸೇರಿಸಿ, ನಗದು ಬೆಲೆ ಕಳೆಯಿರಿ. ಉಳಿದದ್ದೇ ನಿಮ್ಮ ಬಡ್ಡಿ.

ಬಹುತೇಕ ಕೋರ್ಸ್‌ಗಳ ಮೊದಲ ಸೆಮಿಸ್ಟರ್ ಕಾಲೇಜಿನ ಲ್ಯಾಬ್‌ನಲ್ಲಿ ನೀಗುತ್ತದೆ. ಅಷ್ಟರಲ್ಲಿ ಮಗಳಿಗೆ ತನ್ನ ಕೋರ್ಸಿಗೆ ಏನು ಬೇಕೆಂದು ತಿಳಿದಿರುತ್ತದೆ, ದೀಪಾವಳಿ ಆಸುಪಾಸು ಫಸಲಿನ ದುಡ್ಡೂ ಬರುತ್ತದೆ, ಹಬ್ಬದ ರಿಯಾಯಿತಿಯೂ ಇರುತ್ತದೆ.

ಕಾದರೂ ಬೆಲೆ ಇಳಿಯುತ್ತದೆಂಬ ಭರವಸೆ ಇಲ್ಲ, ನಿಜ. ಎಐ ಡೇಟಾ ಸೆಂಟರ್‌ಗಳ ಹಸಿವಿನಿಂದ 2025ರ ಕೊನೆಯಲ್ಲಿ ರ‍್ಯಾಮ್ ಚಿಪ್‌ಗಳ ದರ ಜಗತ್ತಿನಾದ್ಯಂತ ಏರಿತು. ಎಲ್ಲೋ ಅಮೆರಿಕದಲ್ಲಿ ಕಟ್ಟುವ ಯಂತ್ರಶಾಲೆಯ ಬಿಸಿ ಹಾನಗಲ್‌ನ ಹುಡುಗಿಗೂ ತಟ್ಟುತ್ತದೆ. ಆದರೂ ಸಾವಿರ, ಎರಡು ಸಾವಿರ ಹೆಚ್ಚು ಕೊಡುವುದು ತಪ್ಪು ಯಂತ್ರಕ್ಕೆ ವರ್ಷವಿಡೀ ಕಂತು ಕಟ್ಟುವುದಕ್ಕಿಂತ ಹಗುರ.

ಇದು ಬರೀ ಮನೆಯ ಲೆಕ್ಕವೇ?

ಶಿಗ್ಗಾವಿಯಿಂದ ಗೆದ್ದಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದಾಗ, 2021ರಲ್ಲಿ, ರೈತರ ಮಕ್ಕಳಿಗೆ ವಿದ್ಯಾನಿಧಿ ಘೋಷಿಸಿದರು. ಬಿಎ, ಬಿಕಾಂ ಓದುವ ಹುಡುಗಿಗೆ ಅದರಲ್ಲಿ ನಿಗದಿಯಾದದ್ದು ವರ್ಷಕ್ಕೆ 5,500 ರೂಪಾಯಿ. ಮೂರೂ ವರ್ಷ ಕೂಡಿಟ್ಟರೆ 16,500. ಸಾಧಾರಣ ಹೊಸ ಲ್ಯಾಪ್‌ಟಾಪ್‌ಗೆ 35 ಸಾವಿರ ಹಿಡಿದರೆ ಅರ್ಧಕ್ಕೂ ಸಾಲದು. ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಸರ್ಕಾರವೇ ಲ್ಯಾಪ್‌ಟಾಪ್ ಹಂಚಿದ್ದೂ ಉಂಟು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಕೊಟ್ಟದ್ದೂ ಉಂಟು. ಹಾಗಾಗಿ ಕೊಳ್ಳುವ ಮೊದಲು ಕಾಲೇಜಿನಲ್ಲಿ, ಕಾರ್ಮಿಕ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ. ಆದರೆ ಇವೆಲ್ಲ ಒಂದು ವರ್ಷ ಬಂದು ಇನ್ನೊಂದು ವರ್ಷ ಬಾರದ ಮಳೆಯಂತೆ. ಅಸೈನ್‌ಮೆಂಟ್ ಮಾತ್ರ ಪ್ರತಿ ವರ್ಷ ಬರುತ್ತದೆ. ಪಠ್ಯಪುಸ್ತಕದಷ್ಟೇ ಅಗತ್ಯವಾದ ವಸ್ತುವನ್ನು ಅಪ್ಪನ ಫಸಲಿಗೆ ಬಿಟ್ಟಿದ್ದೇವೆ.

ಆ ವ್ಯವಸ್ಥೆ ಸರಿಯಾಗುವವರೆಗೆ ಅಪ್ಪನ ದುಡ್ಡು ವ್ಯರ್ಥವಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಈ ಸಲ ಸವಣೂರಿನ ಅಕ್ಕ ಫೋನ್ ಮಾಡಿ ಕಂಪನಿ ಹೆಸರು ಕೇಳಲಿಲ್ಲ. ‘ತಮ್ಮಾ, ಎಂಟನೇದೋ ಹನ್ನೆರಡನೇದೋ ಅಂದಿದ್ದೆಲ್ಲಾ, ಅದು ಎಲ್ಲಿ ಬರದಿರತೈತಿ?’ ಎಂದಳು.