ಜಾಬ್ ವರ್ಕ್ ಘಟಕದ ಜಾಲತಾಣ: ಕಟ್ಟಿಸುವ ಮುನ್ನ ಯೋಚಿಸಬೇಕಾದದ್ದು

ಕೆಲಸ ಅರಸುವ ಯುವಕನು ತನ್ನ ಓದು, ಅನುಭವಗಳ ವಿವರಪತ್ರವನ್ನು ಸಿದ್ಧಪಡಿಸಿಕೊಂಡೇ ಸಂದರ್ಶನಕ್ಕೆ ಹೋಗುತ್ತಾನೆ. ಇತರರ ಡ್ರಾಯಿಂಗ್‌ಗೆ ಅನುಗುಣವಾಗಿ ಬಿಡಿಭಾಗಗಳನ್ನು ತಯಾರಿಸಿಕೊಡುವ ಜಾಬ್ ವರ್ಕ್ ಘಟಕದ ಮಾಲೀಕರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅವರಿಗೆ ಸ್ವಂತ ಉತ್ಪನ್ನವಿಲ್ಲ, ಬ್ರ್ಯಾಂಡ್ ಇಲ್ಲ. ಮಾರಬೇಕಾದದ್ದು ಯಂತ್ರಗಳ ಸಾಮರ್ಥ್ಯ ಮತ್ತು ಕೆಲಸಗಾರರ ಕೌಶಲವನ್ನು ಮಾತ್ರ. ಪೀಣ್ಯದಲ್ಲಿರಲಿ, ಬೆಳಗಾವಿಯ ಉದ್ಯಮಬಾಗದಲ್ಲಿರಲಿ, ಇಂತಹ ಘಟಕದ ಜಾಲತಾಣವನ್ನು ಕೆಲಸ ಕೊಡುವವರ ಮುಂದಿಡುವ ವಿವರಪತ್ರವೆಂದು ಭಾವಿಸಿ ಯೋಜಿಸುವುದು ಸೂಕ್ತ.

ಈ ತಾಣವನ್ನು ತೆರೆದು ನೋಡುವವರು ಯಾರು? ಬಹುಮಟ್ಟಿಗೆ ದೊಡ್ಡ ಕಾರ್ಖಾನೆಯೊಂದರ ಖರೀದಿ ವಿಭಾಗದವರು. ಅವರ ಕೈಯಲ್ಲಿ ಡ್ರಾಯಿಂಗ್ ಇರುತ್ತದೆ, ಸಮಯ ಇರುವುದಿಲ್ಲ. 'ಗುಣಮಟ್ಟವೇ ನಮ್ಮ ಧ್ಯೇಯ' ಎಂಬ ವಾಕ್ಯವನ್ನು ಓದಿ ಯಾರೂ ಆರ್ಡರ್ ಕೊಟ್ಟ ನಿದರ್ಶನವಿಲ್ಲ. 'ಆಧುನಿಕ ಸಿಎನ್‌ಸಿ ಯಂತ್ರಗಳಿವೆ' ಎಂದರೂ ಅವರಿಗೆ ಏನೂ ತಿಳಿಯದು. ಲೇತ್‌ನಲ್ಲಿ ಹಿಡಿಸುವ ಗರಿಷ್ಠ ವ್ಯಾಸ ಮತ್ತು ಉದ್ದ ಎಷ್ಟು ಮಿಲಿಮೀಟರ್, ಯಾವ ಯಾವ ಲೋಹಗಳಲ್ಲಿ ಕೆಲಸ ಮಾಡಿದ ಅನುಭವವಿದೆ, ಎಷ್ಟು ಮೈಕ್ರಾನ್ ಟಾಲರೆನ್ಸ್ ಕಾಯ್ದುಕೊಳ್ಳಬಲ್ಲಿರಿ, ಅಳತೆಯ ಉಪಕರಣಗಳು ಯಾವುವು, ಅವುಗಳ ಕ್ಯಾಲಿಬ್ರೇಷನ್ ಎಂದು ಆಗಿದೆ, ಕನಿಷ್ಠ ಎಷ್ಟು ನಗಗಳ ಆರ್ಡರ್ ಒಪ್ಪುವಿರಿ, ಇವಿಷ್ಟೂ ಸ್ಪಷ್ಟವಾಗಿರಬೇಕು. ಒಮ್ಮೆ ಅದೃಷ್ಟವಶಾತ್ ಸಾಧಿಸಿದ ಅಳತೆಯನ್ನು ಬರೆಯದೆ, ನೂರನೆಯ ನಗದಲ್ಲಿಯೂ ಕಾಯ್ದುಕೊಳ್ಳಬಲ್ಲ ಅಳತೆಯನ್ನೇ ಬರೆಯತಕ್ಕದ್ದು. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಮುಂತಾದವನ್ನು ಹೊರಗೆ ಮಾಡಿಸುವುದಾದರೆ ಅದನ್ನೂ ತಿಳಿಸುವುದರಿಂದ ನಷ್ಟವೇನಿಲ್ಲ. ಖರೀದಿದಾರರು ಘಟಕಕ್ಕೆ ಭೇಟಿ ಕೊಟ್ಟಾಗ ಅದು ಹೇಗೂ ತಿಳಿಯುತ್ತದೆ.

ನಿಜವಾದ ತೊಡಕು ಛಾಯಾಚಿತ್ರಗಳದು. ಘಟಕವು ಮಾಡಿದ ಅತ್ಯುತ್ತಮ ಕೆಲಸವು ಸಾಮಾನ್ಯವಾಗಿ ಅದರ ಸ್ವಂತದ್ದಲ್ಲ, ವಿನ್ಯಾಸ ಗ್ರಾಹಕರದು. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರಂತೂ ಆ ಬಿಡಿಭಾಗದ ಚಿತ್ರವನ್ನು ತಾಣದಲ್ಲಿ ಹಾಕುವುದು ಕರಾರಿನ ಉಲ್ಲಂಘನೆಯಾಗಬಹುದು. ಕರಾರು ಇಲ್ಲದಿದ್ದರೂ, ಬೇರೆಯವರ ಬಿಡಿಭಾಗವನ್ನು ಬಹಿರಂಗಪಡಿಸಿದ ಘಟಕವನ್ನು ಕಂಡ ಹೊಸ ಗ್ರಾಹಕರಿಗೆ ಬರುವ ಮೊದಲ ಯೋಚನೆ 'ನಾಳೆ ನಮ್ಮದನ್ನೂ ಹೀಗೆಯೇ ಹಾಕುತ್ತಾರಲ್ಲವೇ' ಎಂಬುದು. ಗ್ರಾಹಕರ ಲಾಂಛನಗಳನ್ನು ಸಾಲಾಗಿ ಜೋಡಿಸುವ ರೂಢಿಗೂ ಇದೇ ಮಾತು ಅನ್ವಯಿಸುತ್ತದೆ. ಲಿಖಿತ ಒಪ್ಪಿಗೆ ಪಡೆಯುವುದು ಒಂದು ಮಾರ್ಗ. ಅದಕ್ಕಿಂತ ಉತ್ತಮವೆಂದು ನನಗೆ ತೋರುವುದು, ತಾವೇ ವಿನ್ಯಾಸಗೊಳಿಸಿದ ಮಾದರಿ ನಗವೊಂದನ್ನು ತಯಾರಿಸುವುದು. ತೆಳುವಾದ ಗೋಡೆ, ಆಳವಾದ ರಂಧ್ರ, ಒಳ ಥ್ರೆಡ್ ಹೀಗೆ ತಮಗೆ ಸಿದ್ಧಿಸಿರುವ ಕೆಲಸಗಳನ್ನೆಲ್ಲ ಅದರಲ್ಲಿ ಸೇರಿಸಿ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಜೊತೆಗೆ ಇನ್‌ಸ್ಪೆಕ್ಷನ್ ರಿಪೋರ್ಟನ್ನೂ ಹಾಕಬಹುದು. ಯಂತ್ರದ ಸಮಯ ಒಂದು ದಿನದಷ್ಟು ಖರ್ಚಾದೀತು. ಆದರೆ ಆ ಚಿತ್ರದ ಮೇಲೆ ಯಾರ ಆಕ್ಷೇಪಣೆಯೂ ಇರದು.

ಐಎಸ್‌ಒ 9001 ಪಡೆದವರು ಗಮನಿಸಬೇಕಾದ ಅಂಶವೊಂದಿದೆ. ಐಎಸ್‌ಒ ಸಂಸ್ಥೆಯು ತಾನಾಗಿ ಯಾರಿಗೂ ಪ್ರಮಾಣಪತ್ರ ನೀಡುವುದಿಲ್ಲ, ತನ್ನ ಲಾಂಛನವನ್ನು ಬಳಸಲೂ ಬಿಡುವುದಿಲ್ಲ. ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು, ಪ್ರಮಾಣಪತ್ರದ ಸಂಖ್ಯೆ, ವ್ಯಾಪ್ತಿ, ಅವಧಿ ಇವುಗಳನ್ನು ನಮೂದಿಸಬೇಕು. ಘಟಕವು ಪ್ರೈವೇಟ್ ಲಿಮಿಟೆಡ್ ಆಗಿದ್ದಲ್ಲಿ, 2014ರ ಕಂಪನಿ ಸ್ಥಾಪನಾ ನಿಯಮಗಳ 26ನೆಯ ನಿಯಮದಂತೆ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಸಿಐಎನ್, ದೂರವಾಣಿ, ಇಮೇಲ್ ಹಾಗೂ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರು ಮುಖಪುಟದಲ್ಲಿಯೇ ಇರಬೇಕು. ಏಕಮಾಲೀಕತ್ವದ ಘಟಕಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಜಿಎಸ್‌ಟಿ ಸಂಖ್ಯೆ ಕೊಡುವುದು ಲೇಸು. ಖರೀದಿದಾರರು ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ತಾವೇ ಪರಿಶೀಲಿಸಿಕೊಳ್ಳಬಹುದು.

ಇನ್ನು ಡೊಮೈನ್ ಹೆಸರು. ತಾಣವನ್ನು ರೂಪಿಸುವ ಹುಡುಗನೇ ಅದನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲ್‌ನಲ್ಲಿ ನೋಂದಾಯಿಸಿಬಿಡುವುದುಂಟು. ಅವನು ಬೇರೆ ಊರಿಗೆ ಹೋದನೆಂದರೆ ನವೀಕರಣದ ಸೂಚನೆ ಘಟಕಕ್ಕೆ ತಲುಪುವುದೇ ಇಲ್ಲ. ಅವಧಿ ಮೀರಿ ನೋಂದಣಿ ರದ್ದಾದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಆದ್ದರಿಂದ ನೋಂದಣಿಯು ಘಟಕದ ಹೆಸರಿನಲ್ಲಿ, ಮಾಲೀಕರ ಮೊಬೈಲ್ ಸಂಖ್ಯೆಯೊಂದಿಗೆ ಆಗಬೇಕು. ಪಾಸ್‌ವರ್ಡ್ ಬೀರುವಿನಲ್ಲಿ ಇತರ ದಾಖಲೆಗಳೊಂದಿಗಿರಬೇಕು. ಉಚಿತ ತಾಣಗಳನ್ನೇ ನೆಚ್ಚುವುದೂ ಕ್ಷೇಮವಲ್ಲ. ಯಾಹೂ ತನ್ನ ಜಿಯೋಸಿಟೀಸ್ ಸೇವೆಯನ್ನು 2009ರಲ್ಲಿ ನಿಲ್ಲಿಸಿತು. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್‌ನೊಂದಿಗೆ ಕೊಡುತ್ತಿದ್ದ ಉಚಿತ ಜಾಲತಾಣಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿಳಾಸಗಳನ್ನು ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕಗಳಲ್ಲಿ ಮುದ್ರಿಸಿಕೊಂಡವರ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ಪುಟಗಳು ನಾಲ್ಕೈದು ಇದ್ದರೆ ಸಾಕು. ಡ್ರಾಯಿಂಗ್ ಕಳುಹಿಸಲು ಒಂದು ಇಮೇಲ್ ವಿಳಾಸ ಎದ್ದು ಕಾಣುವಂತಿರಲಿ. ಆ ಅಂಚೆಯನ್ನು ಪ್ರತಿದಿನ ಬೆಳಿಗ್ಗೆ ತೆರೆದು ನೋಡುವವರು ಯಾರು, ಮಾಲೀಕರು ಊರಿನಲ್ಲಿಲ್ಲದಾಗ ಉತ್ತರಿಸುವವರು ಯಾರು ಎಂಬುದನ್ನು ತಾಣ ಆರಂಭವಾಗುವ ಮೊದಲೇ ಗೊತ್ತುಪಡಿಸಿಕೊಳ್ಳಬೇಕು.