ಸಂಬಳ ನಿಂತರೂ ಎಣಿಕೆ ನಿಲ್ಲಲಿಲ್ಲ

ಅಮೆರಿಕದ ಪಕ್ಷಿವಿಜ್ಞಾನಿ ಚಾಂಡ್ಲರ್ ರಾಬಿನ್ಸ್ 2005ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದಾಗ ವಯಸ್ಸು ಎಂಬತ್ತೈದು ದಾಟಿತ್ತು. ಮೇರಿಲ್ಯಾಂಡ್ ರಾಜ್ಯದ ಪಟಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ಅರವತ್ತು ವರ್ಷ ದುಡಿದಿದ್ದ ಅವರು ಆಮೇಲೂ ಗೌರವ ವಿಜ್ಞಾನಿಯಾಗಿ ಅಲ್ಲಿಗೇ ಬರುತ್ತಿದ್ದರು. ಸಂಬಳವಿಲ್ಲದೆ ಹಕ್ಕಿ ಎಣಿಸುವವರ ಶ್ರಮವನ್ನು ವಿಜ್ಞಾನಕ್ಕೆ ಒಗ್ಗಿಸಿದ ವ್ಯಕ್ತಿ ಕೊನೆಗೆ ತಾನೂ ಅದೇ ಸಾಲಿಗೆ ಸೇರಿದ್ದು ಸಹಜವೇ.

ರಾಬಿನ್ಸ್ ಹುಟ್ಟಿದ್ದು 1918ರಲ್ಲಿ, ಮ್ಯಾಸಚೂಸೆಟ್ಸ್‌ನ ಬೆಲ್ಮಾಂಟ್‌ನಲ್ಲಿ. ಹಾರ್ವರ್ಡ್‌ನಲ್ಲಿ ಓದಿದ್ದು ಭೌತಶಾಸ್ತ್ರ. ಹಕ್ಕಿಗಳ ಹುಚ್ಚು ಬಾಲ್ಯದ್ದು. ಕೆಲಕಾಲ ಮೇಷ್ಟ್ರಾಗಿದ್ದರು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ ಅವರನ್ನು ಸರ್ಕಾರ ಬದಲಿ ಸೇವೆಗೆ ಹಚ್ಚಿತು. ಪಟಕ್ಸೆಂಟ್ ಸೇರಿದ್ದು ಹಾಗೆ. 1940ರ ದಶಕದಲ್ಲೇ ಅವರು ಡಿಡಿಟಿ ಕೀಟನಾಶಕದ ಸಿಂಪಡಣೆ ಹಕ್ಕಿಗಳಿಗೆ ಏನು ಮಾಡುತ್ತದೆಂದು ಪರೀಕ್ಷಿಸುವ ಕೆಲಸದಲ್ಲಿದ್ದರು.

1960ರ ದಶಕದ ಆರಂಭದಲ್ಲಿ ಮಹಿಳೆಯೊಬ್ಬರಿಂದ ಅವರಿಗೆ ಒಂದು ಪತ್ರ ಬಂತು. ಡಿಡಿಟಿ ಹೊಡೆದ ಮೇಲೆ ತಮ್ಮೂರಿನಲ್ಲಿ ರಾಬಿನ್ ಹಕ್ಕಿಗಳು ಸಾಯುತ್ತಿವೆ, ದೇಶದಲ್ಲೆಲ್ಲ ಅವುಗಳ ಸ್ಥಿತಿ ಹೇಗಿದೆ ಎಂಬ ಪ್ರಶ್ನೆ ಅದರಲ್ಲಿತ್ತು. ಹೆಸರಿನಲ್ಲೇ ಆ ಹಕ್ಕಿಯನ್ನು ಹೊತ್ತ ವಿಜ್ಞಾನಿಯ ಬಳಿ ಉತ್ತರವಿರಲಿಲ್ಲ. ಮಾಮೂಲು ಹಕ್ಕಿಗಳನ್ನು ದೇಶದುದ್ದಕ್ಕೂ ಯಾರೂ ಒಂದೇ ಕ್ರಮದಲ್ಲಿ ಎಣಿಸಿರಲಿಲ್ಲ.

ಆ ಕ್ರಮವನ್ನು ರಾಬಿನ್ಸ್ ರೂಪಿಸಿದರು. 1966ರಲ್ಲಿ ಶುರುವಾದ ಉತ್ತರ ಅಮೆರಿಕದ ಸಂತಾನಕಾಲದ ಪಕ್ಷಿ ಸಮೀಕ್ಷೆಯ ವಿಧಾನ ತೀರಾ ಸರಳ. ಸುಮಾರು 40 ಕಿಲೋಮೀಟರಿನ ಒಂದು ರಸ್ತೆ, ಅದರಲ್ಲಿ 50 ನಿಲುಗಡೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಹೊರಡಬೇಕು. ಪ್ರತಿ ನಿಲುಗಡೆಯಲ್ಲಿ ಮೂರೇ ನಿಮಿಷ ನಿಂತು, ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಳ್ಳಬೇಕು. ಮರುವರ್ಷ ಅದೇ ರಸ್ತೆ, ಅದೇ ನಿಲುಗಡೆ. ಒಬ್ಬರ ಒಂದು ಬೆಳಗಿನ ಎಣಿಕೆಯಿಂದ ಏನೂ ಹೇಳಲಾಗದು. ಸಾವಿರಾರು ರಸ್ತೆಗಳ ದಶಕಗಳ ಲೆಕ್ಕ ಕೂಡಿದಾಗ ಏರಿಳಿತ ಕಾಣುತ್ತದೆ. ಎಣಿಸುವ ಹವ್ಯಾಸಿಗಳಿಗೆ ಪದವಿ ಬೇಕಿಲ್ಲ, ಕಿವಿ ಮಾತ್ರ ಚುರುಕಾಗಿರಬೇಕು, ಏಕೆಂದರೆ ಎಲೆಗಳ ಮರೆಯಲ್ಲಿ ಕಾಣುವ ಹಕ್ಕಿಗಿಂತ ಕೇಳುವ ಹಕ್ಕಿಯೇ ಹೆಚ್ಚು. 1966ರಲ್ಲೇ ಪ್ರಕಟವಾದ, ರಾಬಿನ್ಸ್ ಸಹಲೇಖಕರಾಗಿದ್ದ ಉತ್ತರ ಅಮೆರಿಕದ ಹಕ್ಕಿಗಳ ಕೈಪಿಡಿಯಲ್ಲಿ ಹಾಡುಗಳನ್ನು ಗೆರೆಗಳಲ್ಲಿ ತೋರಿಸುವ ಧ್ವನಿಚಿತ್ರಗಳೂ ಇದ್ದವು.

1970ರಿಂದ ಈಚೆಗೆ ಉತ್ತರ ಅಮೆರಿಕ ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂಬ 2019ರ ಅಧ್ಯಯನಕ್ಕೆ ಮುಖ್ಯ ಆಧಾರ ಈ ಸಮೀಕ್ಷೆಯೇ. ನಮ್ಮಲ್ಲೂ 2023ರ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ನಿಂತಿರುವುದು ಸಾವಿರಾರು ಹವ್ಯಾಸಿಗಳು ಬರೆದಿಟ್ಟ ಪಟ್ಟಿಗಳ ಮೇಲೆ. ವಿಧಾನ ಬೇರೆ, ಹವ್ಯಾಸಿಗಳ ಎಣಿಕೆಯ ಮೇಲಿನ ನಂಬಿಕೆ ಅದೇ.

ಮನೆಯ ಹತ್ತಿರದ ಕೆಲಸವನ್ನೂ ರಾಬಿನ್ಸ್ ಬಿಡಲಿಲ್ಲ. ಮೇರಿಲ್ಯಾಂಡ್ ಪಕ್ಷಿಪ್ರಿಯರ ಸಂಘದ ಪತ್ರಿಕೆಯನ್ನು ಆರು ದಶಕಕ್ಕೂ ಹೆಚ್ಚು ಕಾಲ ಸಂಪಾದಿಸಿದರು. ಊರಿನಲ್ಲಿ ಕ್ರಿಸ್‌ಮಸ್ ಹೊತ್ತಿನ ಹಕ್ಕಿ ಎಣಿಕೆ, ಹಕ್ಕಿಗಳ ಕಾಲಿಗೆ ಸಂಖ್ಯೆಯಿರುವ ಗುರುತಿನ ಉಂಗುರ ತೊಡಿಸುವ ಕೆಲಸ, ಹೊಸಬರಿಗೆ ಕಲಿಸುವುದು, ಇವೂ ಇದ್ದೇ ಇದ್ದವು.

ಉಂಗುರದ ವಿಷಯದಲ್ಲಿ ಅವರಿಗೆ ಒದಗಿದ ಭಾಗ್ಯ ಬೇರೆಯವರಿಗೆ ಸಿಕ್ಕಿರಲಾರದು. 1956ರ ಡಿಸೆಂಬರಿನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ, ಗೂಡಿನಲ್ಲಿ ಕೂತಿದ್ದ ಲೈಸಾನ್ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯೊಂದಕ್ಕೆ ರಾಬಿನ್ಸ್ ಲೋಹದ ಉಂಗುರ ತೊಡಿಸಿದ್ದರು. ಉಪ್ಪುನೀರಿಗೆ ಉಂಗುರ ಸವೆಯುತ್ತದೆ. ಆಗಾಗ ಹೊಸದು ಹಾಕಿ, ಹಳೆಯ ಸಂಖ್ಯೆಯನ್ನು ಪುಸ್ತಕದಲ್ಲಿ ಜೋಡಿಸಿಡಬೇಕು. 2002ರಲ್ಲಿ ಮತ್ತೆ ಮಿಡ್‌ವೇಗೆ ಹೋದ ರಾಬಿನ್ಸ್ ಒಂದು ಹಕ್ಕಿಯ ಉಂಗುರ ಬದಲಿಸಿದರು. ಊರಿಗೆ ಮರಳಿ ದಾಖಲೆಗಳನ್ನು ಹಿಂದಕ್ಕೆ ಹಿಡಿದು ನೋಡಿದರೆ ಅದು 46 ವರ್ಷಗಳ ಹಿಂದೆ ತಾವೇ ಹಿಡಿದಿದ್ದ ಹಕ್ಕಿ! ಈ ಜಾತಿಯ ಹಕ್ಕಿ ಐದು ವರ್ಷಕ್ಕೆ ಮೊದಲು ಮೊಟ್ಟೆಯಿಡುವುದಿಲ್ಲವಾದ್ದರಿಂದ ಅದಕ್ಕಾಗಲೇ ಐವತ್ತು ದಾಟಿತ್ತು. ಆಮೇಲೆ ಆ ಹಕ್ಕಿಗೆ 'ವಿಸ್ಡಮ್' ಎಂಬ ಹೆಸರು ಬಂತು. 2017ರಲ್ಲಿ, 98ನೇ ವಯಸ್ಸಿನಲ್ಲಿ ರಾಬಿನ್ಸ್ ತೀರಿಕೊಂಡರು. ವಿಸ್ಡಮ್ 2024ರ ಕೊನೆಗೆ ಮಿಡ್‌ವೇಗೆ ಬಂದು ಇನ್ನೊಂದು ಮೊಟ್ಟೆಯಿಟ್ಟಿತು.